ಉಪ್ಪು ಸಾಕೇ?

"ದೇವರನ್ನು ನಂಬದವನ ಸೇವೆಯನ್ನು ನಾವು ಸ್ವೀಕರಿಸಬಹುದೇ, ಬುದ್ಧಿ?"

ಚನ್ನವೀರ ಈ ಪ್ರಶ್ನೆಯನ್ನು ಕೇಳಿದ್ದು ಒಂದು ಸಾಮಾನ್ಯ ಗುರುವಾರ. ಮಠದಲ್ಲಿ ಅಂದು ವಿಶೇಷವೇನೂ ಇರಲಿಲ್ಲ. ಮಧ್ಯಾಹ್ನದ ದಾಸೋಹ ಮುಗಿದಿತ್ತು. ಉಂಡವರು ಎದ್ದು ಹೋಗಿದ್ದರು. ಗುರುಗಳು ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು.

ಚನ್ನವೀರ ಮಠಕ್ಕೆ ಬಂದು ಬಹಳ ವರ್ಷಗಳಾಗಿದ್ದವು. ಪಂಕ್ತಿಯಲ್ಲಿ ಉಪ್ಪು ಬಡಿಸುವುದು ಮೊದಲ ದಿನದಿಂದಲೂ ಅವನ ಕೆಲಸ. ಅಡುಗೆಮನೆಯ ಉಸ್ತುವಾರಿ ಅವನಿಗೆ ಬಂದದ್ದು ಮಾತ್ರ ಈಚೆಗೆ.

"ಯಾರ ವಿಷಯ ಹೇಳುತ್ತಿದ್ದೀಯೆ?" ಎಂದರು ಗುರುಗಳು.

"ಗುರುವಾರ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯಲು ಬರುತ್ತಾನಲ್ಲ, ಆ ಮನುಷ್ಯ. ಕೇಳುವವರಿಲ್ಲದೆ ಎಷ್ಟು ಕಾಲದಿಂದ ಬರುತ್ತಿದ್ದಾನೋ. ಗದ್ದುಗೆಗೆ ಕೈ ಮುಗಿಯುವುದಿಲ್ಲ. ವಿಭೂತಿ ಕೊಟ್ಟರೆ ಬೇಡ ಎನ್ನುತ್ತಾನೆ. ಗದ್ದುಗೆಗೆ ಎಡೆ ಹಿಡಿದ ಪಾತ್ರೆಯನ್ನು ಮೊದಲು ತೊಳೆ ಎಂದರೆ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾನೆ. ಮೊದಲು ತೊಳೆಯುವುದು ಏನನ್ನು ಗೊತ್ತೇ? ಮಕ್ಕಳು ಉಂಡ ಚಿಕ್ಕ ತಟ್ಟೆಗಳನ್ನು. ಇವತ್ತು ತಡೆಯಲಾಗಲಿಲ್ಲ. ನಿನಗೆ ದೇವರಲ್ಲಿ ನಂಬಿಕೆ ಇದೆಯೋ ಇಲ್ಲವೋ ಎಂದು ಕೇಳಿಯೇಬಿಟ್ಟೆ."

"ಏನೆಂದ?"

"ಇಲ್ಲ ಎಂದ. ಕೈಯೆಲ್ಲ ಬೂದಿ. ತಲೆ ಎತ್ತಲೂ ಇಲ್ಲ. ಹಾಗಾದರೆ ಇನ್ನು ಮುಂದೆ ಇಲ್ಲಿಗೆ ಬರಬೇಡ ಎಂದೆ. ಇವಿಷ್ಟನ್ನು ಮುಗಿಸಿ ಹೋಗಲೇ ಎಂದು ಕೇಳಿದ. ಬುದ್ಧಿಯವರನ್ನು ಕೇಳಿ ಬರುತ್ತೇನೆ, ಅಲ್ಲಿಯವರೆಗೆ ತೊಳೆಯುತ್ತಿರು ಎಂದೆ."

"ಒಳ್ಳೆಯದು. ಪಾತ್ರೆಗಳಾದರೂ ತೊಳೆಯದೆ ಉಳಿಯುವುದಿಲ್ಲ. ಕುಳಿತುಕೋ," ಎಂದರು ಗುರುಗಳು.

ಚನ್ನವೀರ ಕುಳಿತ. ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಧಾರಾಳಿ. ಛತ್ರಕ್ಕೆ, ಅರವಟ್ಟಿಗೆಗೆ, ಶಾಲೆಗೆ, ಯಾರು ಬಂದು ಕೇಳಿದರೂ ಕೊಡುತ್ತಿದ್ದ. ಕೊಟ್ಟ ಕಡೆಯಲ್ಲೆಲ್ಲ ಅವನ ಹೆಸರಿನ ಕಲ್ಲು ಇತ್ತು. ಅವನಿಗೆ ಒಬ್ಬಳೇ ಮಗಳು. ಅವಳ ಏಳನೆಯ ವರ್ಷದಲ್ಲಿ ಜ್ವರ ಬಂತು. ಬಿಡಲಿಲ್ಲ. ಮಗು ಹೋಯಿತು.

ಮನೆಗೆ ಜನ ಬಂದರು. ಬಂದವರೆಲ್ಲ ಒಂದೊಂದು ಪ್ರಶ್ನೆ ತಂದಿದ್ದರು. ಯಾವ ಹರಕೆ ಬಾಕಿ ಇತ್ತು? ಮನೆದೇವರಿಗೆ ಹೋಗಿ ಎಷ್ಟು ಕಾಲವಾಗಿತ್ತು? ಜಾತಕ ತೋರಿಸಿದ್ದಿರಾ? ಕೇಳಿದವರು ಕೆಟ್ಟವರಲ್ಲ. ಮಗು ಸತ್ತ ಮನೆಯಲ್ಲಿ ಸುಮ್ಮನೆ ಕುಳಿತಿರುವುದು ಕಷ್ಟ. ಅದಕ್ಕೆ ಕೇಳಿದರು. ವ್ಯಾಪಾರಿ ಒಂದೊಂದು ಪ್ರಶ್ನೆಗೂ ಉತ್ತರ ಹುಡುಕಿದ. ಒಂದಕ್ಕೂ ಸಿಗಲಿಲ್ಲ. ಕೊನೆಗೆ ದೇವರ ಕೋಣೆಯ ಬಾಗಿಲು ಹಾಕಿದ. ಸಿಟ್ಟಿನಿಂದಲ್ಲ. ಒಳಗೆ ಯಾರೂ ಇಲ್ಲ ಎಂದು ಅವನಿಗೆ ಅನ್ನಿಸಿತ್ತು, ಅಷ್ಟೆ.

ಅದೇ ಪೇಟೆಯಲ್ಲಿ ದೇವರನ್ನು ನಂಬದ ಕೆಲವರಿದ್ದರು. ಒಬ್ಬ ಬಡಗಿ, ಒಬ್ಬಳು ಸೂಲಗಿತ್ತಿ, ಒಬ್ಬ ಕ್ಷೌರಿಕ, ಇನ್ನೂ ಕೆಲವರು. ತಿಂಗಳಿಗೊಮ್ಮೆ ಸಂತೆಯ ಮರುದಿನ ಬಡಗಿಯ ಕೊಟ್ಟಿಗೆಯಲ್ಲಿ ಸೇರುತ್ತಿದ್ದರು. ಊರವರಿಗೆ ಅದೊಂದು ನಗೆ. 'ಭಜನೆ ಇಲ್ಲ, ಮಂಗಳಾರತಿ ಇಲ್ಲ, ಸೇರಿ ಮಾಡುವುದಾದರೂ ಏನು? ಮರದ ಹೊಟ್ಟು ಎಣಿಸುತ್ತಾರೋ?' ಎನ್ನುತ್ತಿದ್ದರು.

ಅವರು ಮಾಡುತ್ತಿದ್ದದ್ದು ಇಷ್ಟೇ. ಊರಿಗೆ ಒಳಿತು ಮಾಡುವ ಯಾವ ಸಂಘದೊಡನೆ ತಾನು ಕೈಜೋಡಿಸಿದ್ದೇನೆ ಎಂದು ಒಬ್ಬರು ಹೇಳುವರು, ಉಳಿದವರು ಕೇಳುವರು. ಎಲ್ಲರಿಗೂ ಒಪ್ಪಿಗೆಯಾದರೆ ಆ ಸಂಘಕ್ಕೆ ಎಲ್ಲರೂ ನೆರವಾಗುವರು; ಆಗದಿದ್ದರೆ ಹೇಳಿದವರೂ ಅದನ್ನು ಬಿಡುವರು. ಮಾತಿಗೆ ಕಟ್ಟುಪಾಡು ಒಂದೇ. ಅಲ್ಲಿ ತಾನು ಮಾಡಿದ್ದನ್ನು ಹೇಳಬಾರದು. ಇನ್ನೊಬ್ಬರು ಮಾಡಿದ್ದರಲ್ಲಿ ತನ್ನ ಕಣ್ಣಿಗೆ ಚೆನ್ನಾಗಿ ಕಂಡ ಒಂದನ್ನು ಹೇಳಬೇಕು.

ವ್ಯಾಪಾರಿ ಒಂದು ದಿನ ಅಲ್ಲಿಗೆ ಹೋದ. "ನಾನೂ ನಿಮ್ಮ ಹಾಗೆ ಆದೆ. ನನ್ನನ್ನು ಸೇರಿಸಿಕೊಳ್ಳಿ," ಎಂದ. ಕೂರಲು ಜಾಗ ಕೊಟ್ಟರು. ಅವನ ಸರದಿ ಬಂದಾಗ ತಾನು ಕೊಟ್ಟ ಛತ್ರದ ಹೆಸರು ಹೇಳಿದ.

"ಅಲ್ಲಿ ಏನು ಕಂಡಿರಿ, ಯಜಮಾನರೇ?" ಎಂದಳು ಸೂಲಗಿತ್ತಿ.

ವ್ಯಾಪಾರಿ ಯೋಚಿಸಿದ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. "ಕಲ್ಲು ನೆಟ್ಟ ದಿನ ಹೋಗಿದ್ದೆ. ಕಲ್ಲು ಕಂಡೆ," ಎಂದ.

"ಇನ್ನೊಮ್ಮೆ ಹೋಗಿ ಬನ್ನಿ. ಅಲ್ಲಿ ಮನುಷ್ಯರೂ ಇರುತ್ತಾರೆ," ಎಂದು ಕ್ಷೌರಿಕ ನಕ್ಕ.

ವ್ಯಾಪಾರಿಗೆ ನೋವಾಯಿತು. ಆದರೂ ಎದ್ದು ಹೋಗಲಿಲ್ಲ. ಉಳಿದವರು ಹೇಳಿದ್ದನ್ನು ಕೇಳಿದ. ಕೇಳುವವರಿಲ್ಲದ ಹೆಣಗಳನ್ನು ಮಣ್ಣು ಮಾಡುವ ಒಂದು ಗುಂಪಿನೊಡನೆ ಕ್ಷೌರಿಕ ಹೋಗುತ್ತಿದ್ದ. ಅವರಲ್ಲೊಬ್ಬ ಮುದುಕ ಹೂಳುವ ಮುನ್ನ ಹೆಣದ ಮುಖ ತೊಳೆಯುತ್ತಾನೆ, ನೀರು ತಣ್ಣಗಿದ್ದರೆ ಬಿಸಿಲಿನಲ್ಲಿ ಇಟ್ಟು ಕಾಯುತ್ತಾನೆ ಎಂದ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಸಂಜೆ ಅಕ್ಷರ ಕಲಿಸುವವರ ಬಗ್ಗೆ ಸೂಲಗಿತ್ತಿ ಹೇಳಿದಳು. ಅಲ್ಲಿ ಕಲಿಸುವಾಕೆ ತಪ್ಪು ಬರೆದ ಹಲಗೆಯನ್ನು ತಾನು ಮುಟ್ಟುವುದಿಲ್ಲವಂತೆ. ಹುಡುಗಿಯೇ ನೋಡಿ ಅಳಿಸಲಿ ಎಂದು ಕಾಯುತ್ತಾಳಂತೆ. ಬಡಗಿ ಬಾವಿಯ ಹೂಳೆತ್ತುವ ಸಂಘದವನು. ಹೂಳಿನಿಂದ ಮೇಲೆ ಬಂದವನು, ಕೆಳಗೆ ಇಳಿದವನಿಗೆಂದು ತನ್ನ ಒಣ ಪಂಚೆಯನ್ನು ಕಟ್ಟೆಯ ಮೇಲೆ ಬಿಟ್ಟು ಹೋಗುತ್ತಾನೆ ಎಂದ.

ಆ ಸಂಜೆ ಅಲ್ಲಿ ಯಾರೂ ತಮ್ಮನ್ನು ಹೊಗಳಿಕೊಳ್ಳಲಿಲ್ಲ. ಎಲ್ಲರೂ ಅಲ್ಲಿಲ್ಲದವರನ್ನು ಹೊಗಳಿದರು. ದಾನಿಗಳ ನಡುವೆ ಬದುಕಿದ್ದ ವ್ಯಾಪಾರಿಗೆ ಇದು ಹೊಸದು. ಮುಂದಿನ ತಿಂಗಳೂ ಬಂದ, ಅದರ ಮುಂದಿನ ತಿಂಗಳೂ ಬಂದ. ಹೇಳಲು ಅವನ ಬಳಿ ಏನೂ ಇರಲಿಲ್ಲ. ಕುಳಿತು ಕೇಳಿ ಹೋಗುತ್ತಿದ್ದ.

ಹೀಗಿರುವಾಗ ಬಟ್ಟೆ ಕೊಳ್ಳಲೆಂದು ಪರ ಊರಿಗೆ ಹೊರಟ. ದಾರಿಯಲ್ಲಿ ಹಸಿವಾಯಿತು. ಒಂದು ಮಠದಲ್ಲಿ ದಾಸೋಹ ನಡೆದಿತ್ತು. ಹೋಗಿ ಪಂಕ್ತಿಯಲ್ಲಿ ಕುಳಿತ. ಯಾರು, ಯಾವ ಊರು, ಯಾವ ಜನ ಎಂದು ಯಾರೂ ವಿಚಾರಿಸಲಿಲ್ಲ. ಉಪ್ಪು ಬಡಿಸುವವನು ಎಲೆಯ ಮುಂದೆ ಬಗ್ಗಿ, "ಉಪ್ಪು ಸಾಕೇ?" ಎಂದ. ವ್ಯಾಪಾರಿ, "ಸಾಕು," ಎಂದ. ಮಗಳು ಹೋದ ಮೇಲೆ ಅವನಿಗೆ ಉತ್ತರ ಗೊತ್ತಿದ್ದ ಮೊದಲ ಪ್ರಶ್ನೆ ಅದು.

ಉಂಡು ಕೈ ತೊಳೆಯಲು ಬಾವಿಯ ಬಳಿಗೆ ಹೋದ. ಆ ಮಠದಲ್ಲಿ ದೊಡ್ಡವರಿಗೆ ಎಲೆ, ಮಕ್ಕಳಿಗೆ ಚಿಕ್ಕ ತಟ್ಟೆ. ತಟ್ಟೆಗಳು ಅಲ್ಲಿ ರಾಶಿ ಬಿದ್ದಿದ್ದವು. ಒಂದರ ಅಂಚಿನಲ್ಲಿ ಯಾವುದೋ ಮಗು ಕರಿಬೇವಿನ ಎಲೆಗಳನ್ನು ಆರಿಸಿ ಸಾಲಾಗಿ ಜೋಡಿಸಿತ್ತು. ಅವನ ಮಗಳೂ ಹಾಗೆಯೇ ಜೋಡಿಸುತ್ತಿದ್ದಳು. ಅವನು ಅಂಗಿಯ ತೋಳು ಮಡಚಿ ಕುಳಿತು ಆ ತಟ್ಟೆಯನ್ನು ತೊಳೆದ. ಆಮೇಲೆ ಉಳಿದವನ್ನೂ ತೊಳೆದ. ಮುಂದಿನ ವಾರ ಮತ್ತೆ ಹೋದ. ಅದರ ಮುಂದಿನ ವಾರವೂ ಹೋದ. ಏಕೆ ಬಂದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ತಿಂಗಳ ಸಭೆಯಲ್ಲಿ ವ್ಯಾಪಾರಿ ಮೊದಲ ಬಾರಿಗೆ ಒಂದು ಹೆಸರು ಹೇಳಿದ. ಆ ಮಠದ ದಾಸೋಹದ ಹೆಸರು.

ಬಡಗಿ ಉಳಿಯನ್ನು ಕೆಳಗಿಟ್ಟ. "ಅದು ಗದ್ದುಗೆ ಇರುವ ಜಾಗ. ನಮಗೆ ಅಲ್ಲೇನು ಕೆಲಸ? ಇಂದು ಪಾತ್ರೆ ತೊಳೆ ಎನ್ನುತ್ತಾರೆ, ನಾಳೆ ಪಾದ ತೊಳೆ ಎನ್ನುತ್ತಾರೆ."

"ನಿನ್ನ ಪಾದ ತೊಳೆಯಬೇಕೆಂದು ಯಾರೂ ಹೇಳಿಲ್ಲವಲ್ಲ, ಸ್ವಲ್ಪ ಸುಮ್ಮನಿರಣ್ಣ," ಎಂದಳು ಸೂಲಗಿತ್ತಿ.

ಕೆಲವರು ನಕ್ಕರು. ವ್ಯಾಪಾರಿ ನಗಲಿಲ್ಲ. ಹೇಳಿದ ಹೆಸರನ್ನು ಸಭೆ ಒಪ್ಪದಿದ್ದರೆ ಅವನು ಆ ಮಠವನ್ನು ಬಿಡಬೇಕು, ಇಲ್ಲವೇ ಇವರನ್ನು ಬಿಡಬೇಕು. ಅವನಿಗೆ ಉಳಿದಿದ್ದದ್ದು ಆ ಎರಡೇ ಜಾಗ.

ಸೂಲಗಿತ್ತಿ ಅವನತ್ತ ತಿರುಗಿದಳು. "ಅಲ್ಲಿ ಉಣ್ಣಲು ಬಂದವರನ್ನು ಏನು ಕೇಳುತ್ತಾರೆ?"

"ಉಪ್ಪು ಸಾಕೇ ಎಂದು ಕೇಳುತ್ತಾರೆ."

"ಮತ್ತೆ?"

"ಮತ್ತೇನೂ ಕೇಳುವುದಿಲ್ಲ."

"ತೊಳೆಯಲು ಬಂದವರನ್ನು?"

"ಅವರನ್ನೂ ಏನೂ ಕೇಳುವುದಿಲ್ಲ."

ಬಡಗಿ ಉಳಿಯನ್ನು ಮತ್ತೆ ಕೈಗೆತ್ತಿಕೊಂಡ. ಆಮೇಲೆ, "ಆ ಉಪ್ಪಿನವನ ಹೆಸರೇನು?" ಎಂದ.

"ಗೊತ್ತಿಲ್ಲ. ಅವನು ಕೂಡ ನನ್ನ ಹೆಸರು ಕೇಳಿಲ್ಲ."

"ಇರಲಿ. ನನ್ನದೂ ಒಪ್ಪಿಗೆ," ಎಂದ ಬಡಗಿ. "ಅಲ್ಲಿ ಅನ್ನ ಸುರಿಯುವ ಮರದ ಮರಿಗೆ ಹೇಗಿದೆ?"

"ಒಂದು ಕಡೆ ಸೀಳಿದೆ."

ಮುಂದಿನ ತಿಂಗಳೊಳಗೆ ಬಡಗಿ ಹಲಸಿನ ಮರದಲ್ಲಿ ಹೊಸ ಮರಿಗೆ ಕೆತ್ತಿ ಕಳುಹಿಸಿದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಚನ್ನವೀರ ಅಡುಗೆಮನೆಯ ಕಡೆ ನೋಡಿದ. ಹಲಸಿನ ಮರಿಗೆ ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿತ್ತು. ಮಧ್ಯಾಹ್ನ ಅದರಿಂದಲೇ ಅನ್ನ ಬಡಿಸಿದ್ದರು.

"ಇದನ್ನೆಲ್ಲ ನಿಮಗೆ ಯಾರು ಹೇಳಿದರು, ಬುದ್ಧಿ?"

"ಸೂಲಗಿತ್ತಿ. ಒಂದು ದಿನ ಬಂದು ಪಂಕ್ತಿಯಲ್ಲಿ ಕುಳಿತು ಉಂಡಳು. ಆಮೇಲೆ ನನ್ನ ಹತ್ತಿರ ಬಂದಳು. ಕೈ ಮುಗಿಯಲಿಲ್ಲ. 'ನಮ್ಮವನೊಬ್ಬನನ್ನು ನಿಮ್ಮ ಬಾವಿಕಟ್ಟೆಯಲ್ಲಿ ಬಿಟ್ಟಿದ್ದೇವೆ ಸ್ವಾಮಿ, ಸ್ವಲ್ಪ ನೋಡಿಕೊಳ್ಳಿ' ಎಂದಳು. ಹೋಗುವಾಗ, ಸಾರಿಗೆ ಹುಳಿ ಹೆಚ್ಚಾಯಿತು ಎಂದೂ ಹೇಳಿ ಹೋದಳು."

ಚನ್ನವೀರನಿಗೆ ನಗು ಬರಲಿಲ್ಲ. ಎದ್ದು ನಿಂತ. ಬಾವಿಕಟ್ಟೆಯಿಂದ ಪಾತ್ರೆಯ ಸದ್ದು ಕೇಳುತ್ತಿತ್ತು.

"ಈಗ ಹೋಗಿ ಅವನಿಗೆ ಏನು ಹೇಳಲಿ?"

ಗುರುಗಳು ಅವನ ಮುಖ ನೋಡಿದರು.

"ಉಪ್ಪಿನ ಬಟ್ಟಲು ಅಂದೂ ನಿನ್ನ ಕೈಯಲ್ಲೇ ಇತ್ತು, ಚನ್ನವೀರ."

ಚನ್ನವೀರ ಜಗಲಿ ಇಳಿದು ಬಾವಿಯ ಕಡೆಗೆ ಹೋದ. ಎಡೆಯ ಪಾತ್ರೆ ಇನ್ನೂ ತೊಳೆಯಬೇಕಾಗಿತ್ತು. ಚಿಕ್ಕ ತಟ್ಟೆಗಳು ಬಿಸಿಲಿನಲ್ಲಿ ಆಗಲೇ ಒಣಗಿದ್ದವು.