ಬುದ್ಧಿಯೋರ ಬ್ರೇಕು

ಬೆಟ್ಟದ ಮೇಲಿನ ತೋಟದ ಪರಶಿವಮೂರ್ತಿಗಳ ಹತ್ತಿರ ಒಂದು ಹಳೇ ಜೀಪಿತ್ತು. ಅದನ್ನು ಮೆಕ್ಯಾನಿಕ್ ಮುಟ್ಟಕೂಡದು, ಎಲ್ಲ ರಿಪೇರಿಯೂ ಅವರದೇ. ಆವತ್ತು ಬ್ರೇಕನ್ನು ತಂತಿಯಲ್ಲಿ ಬಿಗಿದು, ಕೈ ಒರೆಸಿಕೊಳ್ಳುತ್ತ ಡ್ರೈವರ್ ಜಡೆಯನಿಗೆ ಹೇಳಿದರು: "ಈಗ ಘಾಟಿ ಇಳಿಸು. ಆಗಲ್ಲ ಅಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಜಡೆಯ ಜೀಪನ್ನೊಮ್ಮೆ, ಕೆಳಗಿನ ತಿರುವನ್ನೊಮ್ಮೆ ನೋಡಿದ. ಆಮೇಲೆ ಮನೆ ಕಡೆ ತಿರುಗಿ ಕೂಗಿದ: "ಅವ್ವೋರೇ, ತವರಿಗೆ ಹೋಗಬೇಕು ಅಂತಿದ್ರಲ್ಲ, ಬನ್ನಿ! ಬುದ್ಧಿಯೋರೇ ಬ್ರೇಕ್ ರಿಪೇರಿ ಮಾಡವ್ರೆ!"

ಮೂರ್ತಿಗಳ ಹೆಂಡತಿ ದಾಕ್ಷಾಯಿಣಮ್ಮ ಹೊಸ ಸೀರೆಯುಟ್ಟು ಬಂದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು.

ಮೂರ್ತಿಗಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಜೀಪನ್ನು ಸುತ್ತಿದರು. ಬಗ್ಗಿ ತಂತಿ ಎಳೆದು ನೋಡಿದರು. ಮತ್ತೆ ಸುತ್ತಿದರು. "ಇವತ್ತು ದಿನ ಚೆನ್ನಾಗಿಲ್ಲ ಕಣೇ, ಇಳಿ" ಎಂದರು.

"ಸೋಮವಾರಕ್ಕಿಂತ ಒಳ್ಳೇ ದಿನ ಯಾವುದ್ರೀ?"

ಜಡೆಯ ಕೀಲಿಗೆ ಕೈ ಹಾಕಿದ. ಹಾಕಿದ್ದಷ್ಟೇ, ತಿರುಗಿಸಲಿಲ್ಲ. "ಹೊರಡಲಾ ಬುದ್ಧಿ?"

"ಬೇಡ್ವೋ! ಆ ಬ್ರೇಕ್ ಹಿಡಿಯಲ್ಲ!" ಎಂದು ಮೂರ್ತಿಗಳು ಕಿರುಚಿದರು.

ದಾಕ್ಷಾಯಿಣಮ್ಮ ನಿಧಾನವಾಗಿ ಕೆಳಗಿಳಿದರು. "ಹಾಗಾದ್ರೆ ಇವನೊಬ್ಬನನ್ನೇ ಕಳಿಸ್ತಿದ್ರಾ?" ಎಂದು ಕೇಳಿದರು.

ಮೂರ್ತಿಗಳು ಪೇಟೆಯ ಮೆಕ್ಯಾನಿಕ್ಕಿಗೆ ಫೋನ್ ಮಾಡಲು ಸಿಗ್ನಲ್ ಹುಡುಕುತ್ತ ತೋಟದ ತುಂಬ ಓಡಾಡತೊಡಗಿದರು.