ಕೈ ಕೊಡದ ಪಿಸ್ತೂಲು

ಕಲ್ಲುಕ್ವಾರಿ ಸಾಹುಕಾರ ಅಮರಗುಂಡಪ್ಪ ಬಂದೂಕಿನ ಅಂಗಡಿಗೆ ನುಗ್ಗಿದವನೇ ಗುಮಾಸ್ತನ ಮುಂದೆ ಲೈಸೆನ್ಸು ಎಸೆದ. ಗುಮಾಸ್ತ ಅರ್ಧ ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ.

“ನಮ್ಮ ಗುಡ್ಡದಾಗ ಕರಡಿ ಅದಾವು. ಕೈ ಕೊಡದಂಥಾ ಪಿಸ್ತೂಲು ತೆಗಿ. ಕೈ ಕೊಡಂಗಿಲ್ಲಂತ ಬರದೂ ಕೊಡಬೇಕು. ಇಲ್ಲಾಂದ್ರ ನಿನ್ನ ನೌಕರಿ ಹೋತಂತ ತಿಳಿ!”

ಗುಮಾಸ್ತ ಒಂದು ಹಳೇ ಪಿಸ್ತೂಲು ತೆಗೆದ. ಗುಂಡಿಲ್ಲವೆಂದು ತೋರಿಸಿ, ಚರ್ಮದ ಚೀಲಕ್ಕಿಳಿಸಿ, ಗುಂಡಿ ಹಾಕಿ ಸಾಹುಕಾರನ ಸೊಂಟಕ್ಕೆ ಕಟ್ಟಿದ. ತಾನು ಬಾಗಿಲ ಹತ್ತಿರ ಹೋಗಿ ನಿಂತ.

“ನಾನೇ ಕರಡಿ ಅಂತ ತಿಳೀರಿ. ಬಂದಾಗ ಹೊಡೀರಿ.”

ಸಾಹುಕಾರ ನಕ್ಕ. ಆ ನಗು ಮುಗಿಯುವುದರೊಳಗೆ, ಗಂಟಲಿಂದ ಉಸಿರೆಳೆಯುವ ಸದ್ದೊಂದು ಅಂಗಡಿಯನ್ನೆಲ್ಲ ತುಂಬಿತು. ಮನುಷ್ಯರದಲ್ಲದ ಸದ್ದು. ಸಾಹುಕಾರನ ಬೆರಳು ಇನ್ನೂ ಚೀಲದ ಗುಂಡಿ ತಡಕಾಡುತ್ತಿತ್ತು. ಐದು ತಣ್ಣನೆಯ ಉಗುರು ಆಗಲೇ ಅವನ ಕೆನ್ನೆಯ ಮೇಲಿದ್ದವು.

“ತಡ ಆತ್ರಿ,” ಎನ್ನುತ್ತ ಗುಮಾಸ್ತ ಟವೆಲ್ ಸರಿಸಿದ. ಆ ಕಡೆ ಕಣ್ಣೂ ಇರಲಿಲ್ಲ, ಕೆನ್ನೆಯೂ ಇರಲಿಲ್ಲ.

ಸಾಹುಕಾರ ಒಂದು ಹೆಜ್ಜೆ ಹಿಂದೆ ಸರಿದ. “ಕರಡಿ ಹರಿದದ್ದೇನೋ ಇದು? ಅವತ್ತು... ನಿನ್ನ ಹತ್ರ ಪಿಸ್ತೂಲು ಇರಲಿಲ್ಲೇನೋ?”

“ಇತ್ರಿ. ಈಗ ನಿಮ್ಮ ಸೊಂಟದಾಗ ಐತಲ್ಲ, ಅದೇ ರೀ. ಗುಂಡು ತುಂಬ್ಕೊಂಡು, ಇದೇ ಚೀಲದಾಗ ಸುಮ್ನ ಕುಂತಿತ್ತು. ಇವತ್ತಿನತನಕ ಒಮ್ಮೆನೂ ಕೈ ಕೊಟ್ಟಿಲ್ಲ. ಬರದು ಕೊಡ್ಲೇನ್ರಿ?”