ಬಿಚ್ಚಿ ನೋಡೋ ನೆಂಟರು

ಟೈಲರ್ ಮಾದಪ್ಪನಿಗೆ ಶುಗರ್ ಇತ್ತು, ಪಾದದಲ್ಲಿ ವಾಸಿಯಾಗದ ದೊಡ್ಡ ಗಾಯ ಇತ್ತು. ಮಾಂಸ ತುಂಬ್ಕೊಳ್ಳದಿದ್ರೆ ಪಾದ ತೆಗೀಬೇಕು ಅಂದಿದ್ರು ಡಾಕ್ಟ್ರು. ಆಮೇಲೆ ಹೊಲಿಗೆ ಮಿಷನ್ ತುಳಿಯೋರು ಯಾರು?

ಅದಕ್ಕೇ ಗಾಯಕ್ಕೆ ಸ್ಪಂಜ್ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕೊಳವೆಯಲ್ಲಿ ಕೀವು ಹೀರೋ ಪಂಪು ಜೋಡಿಸಿದ್ರು. ಟ್ರೇನಲ್ಲಿ ಮಲಗಿದ್ದ ಬ್ಯಾಂಡೇಜ್ ಬಟ್ಟೆಗೆ ಹೊಟ್ಟೆ ಉರಿದುಹೋಯ್ತು.

"ಏನಪ್ಪಾ ಹೊಸಬ, ತಾತನ ಕಾಲದಿಂದ ಈ ಕೆಲಸ ನಂದು."

"ಗೊತ್ತು ಯಜಮಾನ್ರೇ. ಆದ್ರೆ ಗಾಯ ಯಾಕೆ ಇನ್ನೂ ಹಂಗೇ ಇದೆ?" ಅಂತು ಪಂಪು.

ಅಷ್ಟರಲ್ಲಿ ಮಾದಪ್ಪನ ಅತ್ತಿಗೆ ಶುಗರ್ ಇರೋನಿಗೆ ಬಾಳೆಹಣ್ಣು ಹಿಡ್ಕೊಂಡು ಬಂದ್ಲು. "ಎಲ್ಲಿ ಮಾದಪ್ಪ, ಸ್ವಲ್ಪ ಬಿಚ್ಚು, ನೋಡೋಣ" ಅಂತ ಹಾಳೆಯ ಅಂಚು ಎತ್ತಿದ್ಲು. ಒಳಗೆ ಗಾಳಿ ನುಗ್ಗಿದ್ದೇ ತಡ, ಪಂಪು ಇಡೀ ವಾರ್ಡಿಗೆ ಕೇಳೋ ಹಂಗೆ ಪೀಂ ಪೀಂ ಅಂತ ಅರಚ್ತು. ನರ್ಸ್ ಓಡಿಬಂದು ಬೈದು, ಅಂಚು ಅಂಟಿಸಿ ಹೋದ್ರು.

ಬಟ್ಟೆ ಮೆತ್ತಗಾಯ್ತು. "ನನ್ನನ್ನೂ ಬಂದೋರೆಲ್ಲ ಹಿಂಗೇ ಬಿಚ್ಚಿ ನೋಡ್ತಿದ್ರು. ಹೊಸ ಮಾಂಸ ನಂಗೆ ಅಂಟ್ಕೊಂಡು ಕಿತ್ತು ಬರ್ತಿತ್ತು. ನಾನು ಸುಮ್ನಿದ್ದೆ, ನೀನು ಬಾಯಿಬಿಟ್ಟೆ. ಭಲೇ ಕಣೋ."

ದಿನ ಕಳೀತಾ ಗಾಯದ ಗುಂಡಿ ಕೆಂಪಗೆ ತುಂಬ್ಕೊಳ್ತು, ಪಾದ ಉಳೀತು. ಕೊಳವೆ ಬಿಚ್ಚೋವಾಗ ಪಂಪು ಹೇಳ್ತು, "ಯಜಮಾನ್ರೇ, ನನ್ನ ಕೆಲಸ ಆಯ್ತು. ಇನ್ನು ಚರ್ಮ ಬರೋ ತನಕ ಮೆತ್ತಗೆ ಅಪ್ಕೊಂಡಿರೋಕೆ ನೀವೇ ಸರಿ."

ಬಟ್ಟೆ ಖುಷಿಯಾಗಿ ಪಾದಕ್ಕೆ ಸುತ್ಕೊಳ್ತು. ಮರುದಿನ ಅತ್ತಿಗೆ ಮತ್ತೆ ಬಂದು ಗಂಟಿಗೆ ಕೈ ಹಾಕಿದ್ಲು.

"ಪೀಂ ಪೀಂ" ಅಂದ ಮಾದಪ್ಪ.